ಸಮುದ್ರವಿಲ್ಲದ ದ್ವೀಪದ ಬಾವಲಿ

ದ್ವೀಪ ಎಂದರೆ ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ. ಅರವತ್ತು ವರ್ಷಗಳ ಹಿಂದೆ ನಾನು ಇದನ್ನೇ ಬಾಯಿಪಾಠ ಮಾಡಿದ್ದೆ. ಈಗ ಆರನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳೂ ಇದನ್ನೇ ಬರೆದು ಪೂರ್ತಿ ಅಂಕ ತಂದಿದ್ದಾಳೆ. ಉತ್ತರ ಸರಿಯೇ. ಆದರೆ ಮಕ್ಕಳೇ, ನೀರೇ ಇಲ್ಲದ ದ್ವೀಪಗಳೂ ಇವೆ. ಎರೆಹೊಲಗಳ ನಡುವೆ ಒಂದೇ ಒಂದು ಹುಣಸೆ ಮರವಿದ್ದರೆ, ಅದರಲ್ಲಿರುವ ಅಳಿಲಿಗೆ ಆ ಮರವೇ ದ್ವೀಪ. ಹಾಳು ಬಾವಿಯ ಮೀನಿಗೆ ಆ ಬಾವಿಯೇ ದ್ವೀಪ.

ನಮ್ಮ ಕರ್ನಾಟಕದಲ್ಲಿ ಅಂಥ ಒಂದು ದ್ವೀಪವಿದೆ. ಅದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗುಡ್ಡದಲ್ಲಿರುವ ಒಂದು ಗುಹೆ. ಅದರೊಳಗೆ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಬಗೆಯ ಬಾವಲಿ ಇದೆ. ಅದರ ಹೆಸರು ಕೋಲಾರದ ಎಲೆಮೂಗಿನ ಬಾವಲಿ. ಇಡೀ ಭೂಮಿಯ ಮೇಲೆ ಅದಕ್ಕೆ ಈಗ ಗೊತ್ತಿರುವ ಮನೆ ಅದೊಂದೇ. ಉಳಿದಿರುವುದು ಸುಮಾರು ಇನ್ನೂರು ಎಂದು ಅಂದಾಜು. ಒಂದು ಸಣ್ಣ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಹಿಡಿಯುವಷ್ಟು!

ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ನಿವೃತ್ತಿಯಾದ ಮೇಲೆ ಹೊತ್ತು ಕಳೆಯಲು ಪ್ರಾಣಿ–ಪಕ್ಷಿಗಳ ಬಗ್ಗೆ ಓದಲು ಶುರುಮಾಡಿದೆ. ಈ ಕೋಲಾರದ ಬಾವಲಿಯ ಕಥೆಯನ್ನು ಮಕ್ಕಳಿಗೆ ಹೇಳಬೇಕಾಗಿ ಬಂದದ್ದು ಕೋಲಾರದಲ್ಲಿ ಅಲ್ಲ, ಅಲ್ಲಿಂದ ಆರುನೂರು ಕಿಲೋಮೀಟರಿನಷ್ಟು ದೂರದ ನಮ್ಮ ವಿಜಯಪುರ ಜಿಲ್ಲೆಯಲ್ಲಿ. ಕಳೆದ ಫೆಬ್ರುವರಿಯ ಒಂದು ಶನಿವಾರ–ಭಾನುವಾರ ಮೊಮ್ಮಗಳು, ಮೊಮ್ಮಗ ಇಬ್ಬರನ್ನೂ ಕರೆದುಕೊಂಡು ತಿಕೋಟಾ, ಬಬಲೇಶ್ವರದ ಕಡೆ ಹೊರಟಿದ್ದೆ.

ಶನಿವಾರ ಗೋಳಗುಮ್ಮಟ ಹತ್ತಿದೆವು. 1656ರ ಕಟ್ಟಡ ಅದು, ಮುಹಮ್ಮದ್ ಆದಿಲ್‌ಶಾಹನ ಸಮಾಧಿ. ಗುಮ್ಮಟದೊಳಗಿನ ಸುತ್ತುಪಡಸಾಲೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಮರುದನಿ ಬರುತ್ತದೆ. ಎಲ್ಲ ಮಕ್ಕಳಂತೆ ನಮ್ಮವರೂ ಕೂಗಿದರು, ಶಿಳ್ಳೆ ಹಾಕಿದರು. ಸುಸ್ತಾದ ಮೇಲೆ ಮೊಮ್ಮಗ ಕೇಳಿದ, “ಅಜ್ಜಾ, ಈ ಮರುದನಿಯಿಂದ ಏನರ ಉಪಯೋಗ ಐತೇನು?”

“ನಮಗ ಮೋಜು. ಬಾವಲಿಗೆ ಅದರಿಂದನ ಊಟ” ಎಂದೆ.

ಹುಳು ಹಿಡಿದು ತಿನ್ನುವ ಬಾವಲಿಗಳು ಹಾರುತ್ತಲೇ ಒಂದೇ ಸಮನೆ ಸಣ್ಣ ಸಣ್ಣ ಕೂಗು ಹಾಕುತ್ತವೆ. ಆ ಸದ್ದು ಎದುರಿನ ಗೋಡೆಗೋ ಟೊಂಗೆಗೋ ಪತಂಗಕ್ಕೋ ಬಡಿದು ಹಿಂದಕ್ಕೆ ಬರುತ್ತದೆ. ಮರುದನಿ ಬೇಗ ಬಂದರೆ ವಸ್ತು ಹತ್ತಿರ, ತಡವಾದರೆ ದೂರ. ಕಗ್ಗತ್ತಲೆಯಲ್ಲಿ ಸೊಳ್ಳೆಯನ್ನೂ ಅವು ಹಿಡಿಯುವುದು ಹೀಗೆ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಸದ್ದು ಮಾತ್ರ ಕೇಳುತ್ತದೆ. ಇವುಗಳ ಕೂಗು ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲಿನದು. ಎಲೆಮೂಗಿನ ಬಾವಲಿಗಳಂತೂ ಬಾಯಿಯಿಂದಲ್ಲ, ಮೂಗಿನಿಂದ ಕೂಗುತ್ತವೆ. ಮೂಗಿನ ಸುತ್ತ ಎಲೆಯಂತೆ ಮಡಿಕೆ ಮಡಿಕೆಯಾಗಿರುವ ಚರ್ಮ ಆ ಸದ್ದನ್ನು ಒಂದೇ ಕಡೆಗೆ ತಿರುಗಿಸುತ್ತದೆ, ಟಾರ್ಚಿನ ಬೆಳಕನ್ನು ಅದರ ಬಟ್ಟಲು ತಿರುಗಿಸುವ ಹಾಗೆ. ಇನ್ನೊಂದು ಮಾತು. ಬಾವಲಿ ಕುರುಡಲ್ಲ. ಅದಕ್ಕೆ ಕಣ್ಣಿದೆ, ಕಾಣಿಸುತ್ತದೆ.

ಭಾನುವಾರ ಮಧ್ಯಾಹ್ನ ಬಸ್ ಹಿಡಿದೆವು. ತೊರವಿ ದಾಟಿ ಪಶ್ಚಿಮಕ್ಕೆ ಹೋದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ತಿಕೋಟಾ. ಫೆಬ್ರುವರಿಯಲ್ಲಿ ಈ ದಾರಿ ನೋಡಲು ಚೆಂದ. ಎಲ್ಲಿ ನೋಡಿದರೂ ದ್ರಾಕ್ಷಿ ಚಪ್ಪರ, ನಡುನಡುವೆ ಮಣೂಕ ಒಣಗಿಸುವ ಉದ್ದನೆಯ ಶೆಡ್‌ಗಳು. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಅನ್ನುತ್ತಾರೆ. ಸರ್ವಿಸಿನಲ್ಲಿದ್ದಾಗ ಪರಿಚಯವಾದ ಒಬ್ಬ ಗೌಡರ ತೋಟ ಅಲ್ಲಿದೆ. ಮಕ್ಕಳಿಗೆ ಬಳ್ಳಿಯಿಂದಲೇ ಕಿತ್ತ ದ್ರಾಕ್ಷಿ ತಿನ್ನಿಸುವ ಆಸೆ ನನ್ನದು.

“ಬರ್ರಿ ಸಾಹೇಬ್ರ, ಭಾಳ ದಿನಕ್ಕ ಬಂದ್ರಿ” ಎಂದು ಗೌಡರು ಕರೆದರು. ಆದರೆ ಮುಖದಲ್ಲಿ ನಗು ಇರಲಿಲ್ಲ. ತೋಟದ ಅಂಚಿನ ಎರಡು ಸಾಲು ತೋರಿಸಿದರು. ಗೊಂಚಲುಗಳು ಅರ್ಧರ್ಧ ಬರಿದಾಗಿದ್ದವು, ಕೆಳಗೆ ಕಚ್ಚಿ ಚೆಲ್ಲಿದ ಹಣ್ಣು ಬಿದ್ದಿದ್ದವು.

“ಎಲ್ಲಾ ಬಾವಲಿ ಕೆಲಸ ನೋಡ್ರಿ. ಆ ಹಾಳು ಗುಮ್ಮಟದಾಗ ಹಿಂಡುಗಟ್ಟಲೆ ಅದಾವು. ಇವತ್ತ ಸಂಜಿಕ ಒಳಗ ಕಸ ತುಂಬಿ ಬೆಂಕಿ ಹಚ್ಚಿ ಹೊಗಿ ಹಾಕಸ್ತೀನಿ. ಒಂದೂ ಉಳೀಬಾರದು.”

ಹೊಲದ ಬದುವಿನ ಆಚೆ ಒಂದು ಚಿಕ್ಕ ಹಳೆಯ ಗುಮ್ಮಟ. ಯಾರ ಗೋರಿಯೋ ಹೆಸರಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂಥವು ಎಷ್ಟೋ ಇವೆ. ಬಾಗಿಲ ಬಳಿ ಕಸ, ಕಟ್ಟಿಗೆ ಆಗಲೇ ರಾಶಿ ಬಿದ್ದಿತ್ತು.

ಗೌಡರ ಸಿಟ್ಟು ಸುಳ್ಳಲ್ಲ. ದ್ರಾಕ್ಷಿಗೆ ಸಾಲ ಎಷ್ಟು ಬೇಕು, ಔಷಧಿಗೆ ಎಷ್ಟು, ಆಳಿಗೆ ಎಷ್ಟು ಎಂಬ ಲೆಕ್ಕ ನನಗೆ ಗೊತ್ತು. ಎರಡು ಸಾಲು ಹಣ್ಣು ಹೋದರೆ ಅದು ನಿಜವಾದ ನಷ್ಟ. ಆದ್ದರಿಂದ ಬಾವಲಿ ಪಾಪ, ಬಿಡ್ರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ಮಾತು ಮಾತ್ರ ಅಂದೆ. “ಗೌಡ್ರ, ಹಣ್ಣು ತಿನ್ನೂ ಬಾವಲಿ ಬ್ಯಾರೆ, ಹುಳ ತಿನ್ನೂ ಬಾವಲಿ ಬ್ಯಾರೆ. ನಿಮ್ಮ ಗುಮ್ಮಟದಾಗ ಇರೂವು ಯಾವು ಅಂತ ಮೊದಲ ನೋಡೂಣು. ಆಮ್ಯಾಲ ನಿಮ್ಮ ಇಚ್ಛೆ.”

ಹಳೆಯ ಕಟ್ಟಡದಲ್ಲಿರುವುದೆಲ್ಲ ಹುಳು ತಿನ್ನುವುದೇ ಎಂದು ಹೇಳಲಾಗದು. ಕತ್ತಲೆ ಕಟ್ಟಡಗಳಲ್ಲಿ ಗುಂಪಾಗಿ ಇರುವ ಹಣ್ಣುಬಾವಲಿಯೂ ಒಂದಿದೆ. ಹಾಗಾಗಿ ಸಾಕ್ಷಿ ಬೇಕಿತ್ತು. ಒಳಗೆ ನುಗ್ಗದೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಾಗಿಲಲ್ಲೇ ನಿಂತು ನೆಲ ನೋಡಿದೆವು. ಒಂದು ಕಡ್ಡಿಯಿಂದ ಹಿಕ್ಕೆ ಕೆದರಿದೆ. ಒಣಗಿದ ಸಣ್ಣ ಕಾಳಿನಂಥದ್ದು, ಮುಟ್ಟಿದೊಡನೆ ಪುಡಿಯಾಯಿತು. ಪುಡಿಯಲ್ಲಿ ಹುಳುಗಳ ರೆಕ್ಕೆ–ಕಾಲಿನ ಚೂರುಗಳು ಮಿರಿಮಿರಿ ಮಿಂಚಿದವು. ಅಲ್ಲಲ್ಲಿ ಪತಂಗದ ರೆಕ್ಕೆಗಳು ಉದುರಿದ್ದವು.

“ಅಜ್ಜಾ, ಇಲ್ಲೆ ಹಣ್ಣಿನ ಸಿಪ್ಪಿ ಒಂದೂ ಇಲ್ಲ” ಎಂದಳು ಮೊಮ್ಮಗಳು.

ಸಿಪ್ಪೆ ಸಿಕ್ಕಿದ್ದು ತೋಟದ ಇನ್ನೊಂದು ಬದಿಯ ಬೇವಿನ ಮರದ ಕೆಳಗೆ. ಹಣ್ಣುಬಾವಲಿ ಹಣ್ಣನ್ನು ಜಗಿದು ರಸ ಹೀರಿ, ನಾರನ್ನು ಉಂಡೆ ಮಾಡಿ ಉಗುಳುತ್ತದೆ. ಅಂಥ ಉಂಡೆಗಳು ಮರದ ಬುಡದಲ್ಲಿ ಬೇಕಾದಷ್ಟಿದ್ದವು. ತಿಂದವರು ಬೇವಿನ ಮರದವರು, ಹೊಗೆ ಕುಡಿಯಬೇಕಾಗಿದ್ದವರು ಗುಮ್ಮಟದವರು! ಅದೂ ತೋಟದ ಹುಳುಗಳನ್ನು ಪುಕ್ಕಟೆಯಾಗಿ ತಿನ್ನುವವರು.

ಗೌಡರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಖರೇ ಅಂದ್ರೂ ನನ್ನ ದ್ರಾಕ್ಷಿ ಹೋಗೂದು ತಪ್ಪಲಿಲ್ಲಲ್ರಿ?” ಎಂದರು. ಅದೂ ನ್ಯಾಯವಾದ ಪ್ರಶ್ನೆ. ಅಂಚಿನ ಸಾಲುಗಳಿಗೆ ಚಪ್ಪರದ ಮೇಲಷ್ಟೇ ಅಲ್ಲ, ಬದಿಯಲ್ಲೂ ನೆಲದವರೆಗೆ ಬಲೆ ಇಳಿಬಿಡಬೇಕು. ಸಡಿಲ ಬಿಟ್ಟರೆ ಬಾವಲಿ, ಹಕ್ಕಿ ಸಿಕ್ಕಿಕೊಂಡು ಸಾಯುತ್ತವೆ, ಬಿಗಿಯಾಗಿ ಕಟ್ಟಬೇಕು. ಇದು ಖರ್ಚಿನ ಮಾತೇ. ಆದರೆ ಒಂದು ಸಲ ತಂದ ಬಲೆಯನ್ನು ಮುಂದಿನ ವರ್ಷವೂ ಬಳಸಬಹುದು. ಹೊಗೆ ಹಾಕಿದರೆ ತಪ್ಪಿಲ್ಲದವು ಸಾಯುತ್ತವೆ, ಹಣ್ಣು ಮಾತ್ರ ಉಳಿಯುವುದಿಲ್ಲ.

ಸಂಜೆ ಸೂರ್ಯ ಮುಳುಗಿ ಹತ್ತು ನಿಮಿಷವಾಗಿತ್ತು. ಗುಮ್ಮಟದ ಕಿಂಡಿಯಿಂದ ಮೊದಲನೆಯದು ಹೊರಬಿತ್ತು. ಆಮೇಲೆ ಎರಡು, ಐದು, ಹತ್ತು. ಮೊಮ್ಮಗ ಬೆರಳು ಮಡಿಸುತ್ತ ಎಣಿಸಿದ, ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಗೌಡರೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು. ಒಂದೂ ದ್ರಾಕ್ಷಿಯ ಮೇಲೆ ಇಳಿಯಲಿಲ್ಲ. ಚಪ್ಪರದ ಮೇಲೆ ಗಾಳಿಯಲ್ಲೇ ಸುತ್ತಿ ಸುತ್ತಿ ಹುಳು ಹಿಡಿದವು.

ಆ ರಾತ್ರಿ ಬಬಲೇಶ್ವರದಲ್ಲಿ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ರೊಟ್ಟಿ, ಎಣ್ಣೆಗಾಯಿ ಉಂಡು ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದಾಗ ಮೊಮ್ಮಗಳು ಕೇಳಿದಳು, “ಅಜ್ಜಾ, ಇವತ್ತ ಆ ಗುಮ್ಮಟದಾಗಿನ ಬಾವಲಿ ಎಲ್ಲಾ ಸತ್ತಿದ್ರ, ಆ ಜಾತೀನ ಮುಗೀತಿತ್ತೇನು?”

ಇಲ್ಲ ಎಂದೆ. ಹಾಳು ಗುಡಿ, ಕೋಟೆ, ಗೋರಿಗಳಲ್ಲಿ ವಾಸಿಸುವ ಬಾವಲಿಗಳು ದೇಶದಲ್ಲೆಲ್ಲ ಇವೆ. ಅವುಗಳಲ್ಲಿ ಒಂದು ಕುಲಕ್ಕೆ ಗೋರಿ ಬಾವಲಿ ಎಂದೇ ಹೆಸರು. ಮೊದಲು ಈಜಿಪ್ಟಿನ ಗೋರಿಗಳಲ್ಲಿ ಕಂಡವೆಂದು ಆ ಹೆಸರು ಬಂತು. ತಿಕೋಟಾದ ಒಂದು ಗುಮ್ಮಟ ಬರಿದಾದರೂ ಬೇರೆ ಊರಿನ ಗುಮ್ಮಟದಲ್ಲಿ ಅದೇ ಜಾತಿ ಉಳಿಯುತ್ತದೆ. ಆದರೆ ಹನುಮನಹಳ್ಳಿಯ ಗುಹೆಯಲ್ಲಿ ಯಾರಾದರೂ ಒಂದು ಸಂಜೆ ಹಾಗೆ ಹೊಗೆ ಹಾಕಿದರೆ? ಆಗ ಜಾತಿಯೇ ಮುಗಿದ ಹಾಗೆ. ಅಲ್ಲಿಂದ ಕೋಲಾರದ ಕಥೆ ಶುರುವಾಯಿತು.

ಆ ಬಾವಲಿಯನ್ನು ಹೊಸ ಜಾತಿ ಎಂದು ಗುರುತಿಸಿ ಹೆಸರಿಟ್ಟದ್ದು 1994ರಲ್ಲಿ. ಹೆಸರಿಟ್ಟವರು ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮ ದೇಶದ ಎಚ್.ಆರ್. ಭಟ್. ಶಾಸ್ತ್ರೀಯ ಹೆಸರು ಹಿಪ್ಪೊಸಿಡೆರಸ್ ಹೈಪೊಫಿಲಸ್. ಆಗ ಅದು ಕೋಲಾರ ಜಿಲ್ಲೆಯ ಎರಡು ಕಡೆ, ಹನುಮನಹಳ್ಳಿ ಮತ್ತು ತೇರಹಳ್ಳಿಯಲ್ಲಿ ಇತ್ತು. ಮುಂದೆ ಹುಡುಕಿದಾಗ ತೇರಹಳ್ಳಿಯಲ್ಲಿ ಸಿಗಲಿಲ್ಲ. ಉಳಿದದ್ದು ಹನುಮನಹಳ್ಳಿ ಒಂದೇ. ಅಲ್ಲಿಯೂ ಗುಡ್ಡವೇ ಗ್ರಾನೈಟ್, ಗ್ರಾನೈಟಿಗೆ ಪೇಟೆಯಲ್ಲಿ ಬೆಲೆ. ಕಲ್ಲು ಒಡೆಯುವವರು ಗುಹೆಯ ಸಮೀಪಕ್ಕೇ ಬಂದಿದ್ದರು. ಬಂಡೆಯ ಸಂದಿನಲ್ಲಿ ತಲೆಕೆಳಗಾಗಿ ಮಲಗಿದ ಪ್ರಾಣಿಗೆ ಸುತ್ತಿಗೆ, ಸಿಡಿಮದ್ದಿನ ಅದುರು ಹೇಗಿರಬೇಕು, ನೀವೇ ಯೋಚಿಸಿ.

ವಿಜ್ಞಾನಿಗಳು, ಬಾವಲಿಗಳಿಗಾಗಿ ದುಡಿಯುವ ಸಂಸ್ಥೆಯವರು, ಅರಣ್ಯ ಇಲಾಖೆ ಎಲ್ಲರೂ ಸೇರಿ ಶ್ರಮಪಟ್ಟ ಮೇಲೆ ಅಲ್ಲಿಯ ಅಕ್ರಮ ಕಲ್ಲುಗಣಿ ನಿಂತಿತು. 2019ರಲ್ಲಿ ಸರ್ಕಾರ ಗುಹೆಯ ಸುತ್ತಲಿನ 30 ಎಕರೆ ಜಾಗವನ್ನು ರಕ್ಷಿತ ಪ್ರದೇಶವೆಂದು ಘೋಷಿಸಿತು. 30 ಎಕರೆ ಅಂದರೆ ನಮ್ಮ ಕಡೆ ಒಂದು ದೊಡ್ಡ ಒಟ್ಟು ಕುಟುಂಬದ ಹೊಲ. ಅಷ್ಟರಲ್ಲಿ ಒಂದು ಇಡೀ ಜಾತಿಯ ಹಣೆಬರಹ ಇದೆ.

“ರೆಕ್ಕೆ ಅದಾವಲ್ಲ ಅಜ್ಜಾ, ಬ್ಯಾರೆ ಕಡೆ ಹಾರಿ ಹೋಗಬೇಕು” ಎಂದ ಮೊಮ್ಮಗ.

ಹಾರಲು ರೆಕ್ಕೆ ಇದ್ದರೆ ಸಾಲದು, ಹೋಗಿ ಇಳಿಯಲು ಮನೆ ಬೇಕು. ಗುಹೆಯಾದರೆ ಸಾಕು ಎಂದಲ್ಲ. ಒಳಗೆ ಸರಿಯಾದ ಕತ್ತಲೆ, ಸರಿಯಾದ ಬೆಚ್ಚಗೆ, ಸರಿಯಾದ ತೇವ ಎಲ್ಲವೂ ಬೇಕು. ಮರಿ ಹಾಕಲು ನೆಮ್ಮದಿ ಬೇಕು. ಹತ್ತಿರದಲ್ಲೇ ಹುಳು ಸಿಗುವ ಪೊದೆ, ಮರ ಬೇಕು. ಎಲೆಮೂಗಿನ ಚಿಕ್ಕ ಬಾವಲಿಗಳು ಬಹಳ ದೂರ ಪಯಣ ಮಾಡುವವೂ ಅಲ್ಲ.

ನಾನು ಬ್ಯಾಂಕಿನವನಲ್ಲವೇ, ಮಕ್ಕಳಿಗೆ ಲೆಕ್ಕ ಹಾಕಿ ತೋರಿಸಿದೆ. ಇನ್ನೂರು ಬಾವಲಿ ಇವೆ ಎಂದುಕೊಳ್ಳಿ, ಅದು ಅಸಲು. ಅರ್ಧ ಹೆಣ್ಣು ಎಂದು ಹಿಡಿದರೆ ನೂರು. ಬಾವಲಿ ಇಲಿಯ ಹಾಗೆ ಹತ್ತೆಂಟು ಮರಿ ಹಾಕುವುದಿಲ್ಲ, ಹೆಚ್ಚಿನವು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಆ ಮರಿಗಳಲ್ಲಿ ಎಲ್ಲವೂ ಬದುಕುವುದಿಲ್ಲ. ಮುದಿಯಾದವು ಸಾಯುತ್ತವೆ. ಅಂದರೆ ಬಡ್ಡಿ ಬಹಳ ಕಡಿಮೆ. ಖಾತೆ ಒಂದೇ, ಬೇರೆ ಶಾಖೆಯಲ್ಲಿ ಠೇವಣಿ ಇಲ್ಲ. ಒಂದು ವರ್ಷ ಅಸಲಿಗೆ ಕೈಹಾಕಿದರೆ ತುಂಬಿಕೊಳ್ಳಲು ಎಷ್ಟೋ ವರ್ಷ ಬೇಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಬಾವಲಿ ‘ತೀವ್ರ ಅಪಾಯದಲ್ಲಿದೆ’ ಎಂಬ ಸಾಲಿನಲ್ಲಿದೆ. ಅದರಾಚೆಗಿನ ಹಾದಿ ಅಳಿವಿನದು.

ಅಳಿವು ಎಂಬುದು ಬರೀ ಹೆದರಿಸುವ ಮಾತಲ್ಲ. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪವಿದೆ. ಇದು ನಿಜವಾಗಿ ನಾಲ್ಕೂ ಕಡೆ ನೀರಿರುವ ದ್ವೀಪ, ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ಅಲ್ಲಿ ಮಾತ್ರ ಇದ್ದ ಒಂದು ಪುಟಾಣಿ ಬಾವಲಿಯ ತೂಕ ಮೂರು–ನಾಲ್ಕು ಗ್ರಾಂ, ಹೆಚ್ಚುಕಡಿಮೆ ಒಂದು ರೂಪಾಯಿಯ ನಾಣ್ಯದಷ್ಟು. 1980ರ ದಶಕದಲ್ಲಿ ಅದು ಅಲ್ಲಿ ಸಾಮಾನ್ಯವಾಗಿ ಕಾಣುತ್ತಿತ್ತು. ಆಮೇಲೆ ಕಡಿಮೆಯಾಗುತ್ತ ಬಂತು. ಹಿಡಿದು ಸಾಕಿ ಮರಿ ಮಾಡಿಸಬೇಕೆಂದು ತಜ್ಞರು ಹೇಳಿದರು. ಅನುಮತಿ ಸಿಕ್ಕಿ ತಂಡ ಅಲ್ಲಿಗೆ ಹೋದದ್ದು 2009ರಲ್ಲಿ. ಹೊತ್ತು ಮೀರಿತ್ತು. ಕಾಡಿನಲ್ಲಿಟ್ಟ ಯಂತ್ರಗಳಿಗೆ ಒಂದೇ ಒಂದು ಬಾವಲಿಯ ಕೂಗು ಕೇಳಿಸಿತು. ಅದನ್ನು ಹಿಡಿಯಲು ಆಗಲಿಲ್ಲ. 2009ರ ಆಗಸ್ಟ್ 26ರ ರಾತ್ರಿಯ ನಂತರ ಆ ಕೂಗೂ ಇಲ್ಲ. 2017ರಲ್ಲಿ ಆ ಜಾತಿ ಅಳಿದುಹೋಯಿತು ಎಂದು ಬರೆದರು.

ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. “ಕೂಗಿದ್ದಕ್ಕ ಇನ್ನೊಂದು ಬಾವಲಿ ಓ ಅನ್ನಲೇ ಇಲ್ಲ” ಎಂದಳು ಮೊಮ್ಮಗಳು.

ಮಕ್ಕಳನ್ನು ಅಷ್ಟಕ್ಕೇ ಮಲಗಿಸಲು ಮನಸ್ಸಾಗಲಿಲ್ಲ. ಇನ್ನೆರಡು ಕಥೆ ಹೇಳಿದೆ. ಒಂದು ಆಫ್ರಿಕಾದ ಪೂರ್ವ ದಂಡೆಯ ಬಳಿಯ ಪೆಂಬಾ ದ್ವೀಪದ್ದು, ಅದು ಟಾಂಜಾನಿಯಾ ದೇಶಕ್ಕೆ ಸೇರಿದ್ದು. ಅಲ್ಲಿ ಮಾತ್ರ ಇರುವ ದೊಡ್ಡ ಹಣ್ಣುಬಾವಲಿಯನ್ನು ಜನ ಮಾಂಸಕ್ಕಾಗಿ ಬೇಟೆಯಾಡಿ, 1980ರ ದಶಕದ ಕೊನೆಗೆ ತೀರಾ ಕೆಲವೇ ಉಳಿದಿದ್ದವು. ಊರಿನವರೇ ಸಂಘ ಕಟ್ಟಿಕೊಂಡು ಬಾವಲಿ ಮರಗಳನ್ನು ಕಾಯತೊಡಗಿದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಬಾವಲಿಗಳ ಸಂಖ್ಯೆ 20,000 ದಾಟಿತು.

ಇನ್ನೊಂದು ಕಥೆ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯದು. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆಗಳಿವೆ. 1913ರಲ್ಲಿ ಅಲ್ಲಿಯ ಒಂದು ಬಾವಲಿಗೆ ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿಟ್ಟರು. ದೊಡ್ಡ ಕಿವಿ, ರೆಕ್ಕೆಯ ಪೊರೆಯಿಂದ ಹೊರಗೆ ಚಾಚಿದ ಬಾಲ. ದಶಕಗಳ ಕಾಲ ಜಗತ್ತಿನಲ್ಲಿ ಅದಕ್ಕೆ ಅದೊಂದೇ ಮನೆ ಎಂದು ತಿಳಿದಿದ್ದರು. ಆಮೇಲೆ ದೂರದ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಅದರ ಬಂಧುಗಳು ಸಿಕ್ಕವು. 2011ರಲ್ಲಿ ಭೀಮಗಡ ವನ್ಯಧಾಮವಾಯಿತು. ಬಾರಾಪೇಡೆ ಗುಹೆ ಕೆಡದೆ ಉಳಿದದ್ದರಿಂದ ಅದು ಇಂದಿಗೂ ಆ ಬಾವಲಿಯ ಮುಖ್ಯ ಮನೆ.

ಬೆಳಿಗ್ಗೆ ಏಳುತ್ತಲೇ ಮೊಮ್ಮಗನ ಬೇಡಿಕೆ, “ಅಜ್ಜಾ, ಬ್ಯಾಸಿಗಿ ಸೂಟಿಯೊಳಗ ಕೋಲಾರಕ್ಕ ಹೋಗೂಣು. ಆ ಬಾವಲಿ ನೋಡೂಣು.”

ಪ್ರವಾಸದ ಲೇಖನ ಬರೆಯುವವನು ಹೇಳಬಾರದ ಮಾತನ್ನು ನಾನು ಹೇಳುತ್ತೇನೆ. ಆ ಗುಹೆಗೆ ಹೋಗುವುದು ಬೇಡ. ನಾವು ಹೋದರೆ ಟಾರ್ಚ್ ಹಾಕುತ್ತೇವೆ, ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇವೆ, ಮಾತಾಡುತ್ತೇವೆ. ಮರಿ ಇರುವ ಕಾಲದಲ್ಲಿ ಬೆದರಿದ ತಾಯಿ ಹಾರಿದರೆ ಮರಿ ಕೆಳಗೆ ಬೀಳಬಹುದು. ನಮ್ಮ ಹಿಂದೆ ಇನ್ನೊಂದು ಕುಟುಂಬ ಬರುತ್ತದೆ, ಅದರ ಹಿಂದೆ ಮತ್ತೊಂದು. ಕೋಲಾರಕ್ಕೆ ಹೋದವರು ಕೋಲಾರಮ್ಮನ ಗುಡಿ ನೋಡಬಹುದು, ಸೋಮೇಶ್ವರ ಗುಡಿಯ ಕಲ್ಲಿನ ಕೆಲಸ ನೋಡಬಹುದು, ಅಂತರಗಂಗೆಯ ಬೆಟ್ಟ ಹತ್ತಬಹುದು. ಬಾವಲಿಯ ಗುಹೆಯ ವಿಷಯ ಅದನ್ನು ಕಾಯುವವರಿಗೆ, ಅಭ್ಯಾಸ ಮಾಡುವವರಿಗೆ ಇರಲಿ. ನಾನು ಆ ಬಾವಲಿಯನ್ನು ಕಣ್ಣಾರೆ ಕಂಡಿಲ್ಲ, ಕಾಣುವುದೂ ಇಲ್ಲ. ಅದು ಅಲ್ಲಿದೆ ಎಂದು ತಿಳಿದರೆ ನನಗೆ ಸಾಕು.

ನೋಡಬೇಕೆಂದರೆ ಬಬಲೇಶ್ವರದಲ್ಲೇ ಇದೆ ಎಂದು ಊರ ಹೊರಗಿನ ಹಳೆಯ ಹುಣಸೆ ಮರಕ್ಕೆ ಕರೆದುಕೊಂಡು ಹೋದೆ. ನರಿಯ ಮೂತಿಯ ದೊಡ್ಡ ಹಣ್ಣುಬಾವಲಿಗಳು ಹಗಲಿನಲ್ಲೇ ಒಣಗಲು ಹಾಕಿದ ಕರಿ ಛತ್ರಿಗಳಂತೆ ಜೋತುಬಿದ್ದಿದ್ದವು. ಕೆಲವು ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದವು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುಬಾವಲಿಯನ್ನು ಇಲಿ, ಕಾಗೆಯ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು. ಇವು ದ್ರಾಕ್ಷಿ ತಿನ್ನುವುದು ನಿಜ. ಆಲ, ಅತ್ತಿ, ನೇರಳೆಯ ಬೀಜವನ್ನು ಊರಿಂದೂರಿಗೆ ಹೊತ್ತು ಬಿತ್ತುವುದೂ ನಿಜ. ರೈತನ ಹಣ್ಣಿಗೆ ಬಲೆ ಬೇಕು, ಬಾವಲಿಗೆ ಮರ ಬೇಕು. ಎರಡೂ ಒಟ್ಟಿಗೆ ಆಗುವ ಮಾತು.

ಅಜ್ಜ–ಅಜ್ಜಿಯರೇ, ಬಾವಲಿ ಮನೆಗೆ ಬಂದರೆ ಅಪಶಕುನ, ತಲೆಕೂದಲಿಗೆ ಸಿಕ್ಕಿಕೊಳ್ಳುತ್ತದೆ ಎಂದೆಲ್ಲ ನಾವು ಕೇಳಿ ಬೆಳೆದಿದ್ದೇವೆ. ಆ ಮಾತನ್ನು ಮೊಮ್ಮಕ್ಕಳಿಗೆ ದಾಟಿಸುವುದು ಬೇಡ. ಅದರ ಬದಲು ಈ ಮೂರು ಮಾತು ದಾಟಿಸೋಣ. ಬಾವಲಿಯನ್ನು ಬರಿಗೈಯಿಂದ ಮುಟ್ಟಬಾರದು, ಬಿದ್ದದ್ದು ಕಂಡರೆ ದೊಡ್ಡವರಿಗೆ ಹೇಳಬೇಕು. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು. ಅದರ ಮನೆಗೆ ಹೊಗೆ, ಕಲ್ಲು, ಪಟಾಕಿ ಹಾಕಬಾರದು.

ಮಕ್ಕಳೇ, ನೀವು ಮಾಡಬಹುದಾದ ಒಂದು ಕೆಲಸವೂ ಇದೆ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆ ದೊಡ್ಡವರೊಬ್ಬರ ಜೊತೆ ಕುಳಿತು ಎಣಿಸಿರಿ. ತಾರೀಖು ಹಾಕಿ ಸಂಖ್ಯೆ ಬರೆದಿಡಿರಿ. ಒಂದು ಪ್ರಾಣಿ ಕಡಿಮೆಯಾಗುತ್ತಿದೆ ಎಂದು ಗೊತ್ತಾಗಬೇಕಾದರೆ ಮೊದಲು ಎಷ್ಟಿತ್ತು ಎಂದು ಯಾರಾದರೂ ಬರೆದಿಟ್ಟಿರಬೇಕು.

ಹನುಮನಹಳ್ಳಿಯ ಲೆಕ್ಕ ಇಡಲು ಬಲ್ಲವರಿದ್ದಾರೆ. ತಿಕೋಟಾದ ಆ ಗುಮ್ಮಟದ ಲೆಕ್ಕಕ್ಕೆ ಸದ್ಯ ನನ್ನ ಮೊಮ್ಮಗಳ ನೋಟ್‌ಬುಕ್ ಒಂದೇ. ಫೆಬ್ರುವರಿಯ ಪುಟದಲ್ಲಿ 143 ಎಂದಿದೆ. ಮಾರ್ಚ್ ತಿಂಗಳ ಸಂಖ್ಯೆಯನ್ನು ಗೌಡರೇ ಎಣಿಸಿ ಫೋನಿನಲ್ಲಿ ಹೇಳಿದರು: 151.